ಚೆಂಡು ಮ್ಯಾಲೆ ಎತ್ತಬ್ಯಾಡ

ಶಹಾಬಾದಿನ ಹಳೇ ಖಣಿ ದಂಡಿಗಿ ನಮ್ಮ ಮೈದಾನ.
ಮೈದಾನ ಅಂದರ ಮೈದಾನ ಅಲ್ಲ,
ಮ್ಯಾಲಿನ ಮಣ್ಣು ಕೆರೆದು ಒಯ್ದು
ಕೆಳಗಿನ ಫರಸಿ ಯಾಕೋ ಒಡೀದೆ ಬಿಟ್ಟ ಜಾಗ.
ಉತ್ತರಕ್ಕ ಗೋಲು: ಎರಡು ಮುರುಕು ಕಲ್ಲು.
ದಕ್ಷಿಣಕ್ಕ ಗೋಲು: ಒಂದು ಕಲ್ಲು, ಒಂದು ಲಾಡ್ಲೆಯ ಸೈಕಲ್.
ಪಶ್ಚಿಮಕ್ಕ ನಲವತ್ತು ಅಡಿ ಆಳ,
ತಳದಾಗ ಹಸರು ನೀರು.

ಆ ವರ್ಷ ಒಬ್ಬ ಕೋಚ್ ಬಂದ, ದೂರದಾಂವ.
ಕೊರಳಾಗ ಸೀಟಿ, ಬಗಲಾಗ ವಹಿ.
ಮೂರು ದಿವಸ ಗಪ್ ಕೂತು ನೋಡಿದ,
ನಾಕನೇ ದಿನ ಎದ್ದು ನಿಂತು ಅಂದ:
"ಬ್ರೆಜಿಲ್‌ಗೊಂದು ಆಟ ಇದೆ, ಇಟಲಿಗೊಂದು ಇದೆ.
ನಮ್ಮ ದೇಶಕ್ಕೆ? ಎಲ್ಲಾ ಎರವಲು ಅಂಗಿ.
ನಮ್ಮದೇ ಒಂದು ಶೈಲಿ ಬೇಕು, ಹುಡುಗರೇ,
ಅದು ನೋಡಿ ಇಲ್ಲಿದೆ.
ಚೆಂಡು ನೆಲ ಬಿಡೋದಿಲ್ಲ. ಯಾರೂ ಬೀಳೋದಿಲ್ಲ."

ನಾವು ಒಬ್ಬರ ಮಾರಿ ಒಬ್ಬರು ನೋಡಿದ್ವಿ.
ಅಂಬಾರಾಯಗ ನಗಿ ತಡೀಲಿಲ್ಲ.
ಚೆಂಡು ಯಾಕ ಮ್ಯಾಲೆ ಹೋಗಂಗಿಲ್ಲ ಅಂದರ
ಮ್ಯಾಲೆ ಹೋದದ್ದು ಖಣಿಗಿ ಹೋಗ್ತದ,
ಖಣಿಗಿ ಹೋದರ ಒದ್ದಾಂವನೇ ಇಳೀಬೇಕು,
ಇಲ್ಲಾ ಮುನ್ನೂರಾ ಐವತ್ತು ರೂಪಾಯಿ ಎಣಿಸಬೇಕು.
ಯಾಕ ಯಾರೂ ಬೀಳಂಗಿಲ್ಲ ಅಂದರ
ಫರಸಿ ಚಕ್ಕಿಗಿ ಬ್ಲೇಡಿನ ಗುಣ.
ಬಿದ್ದಾಂವ ಒಬ್ಬ ಇದ್ದ, ದೇವೀಂದ್ರ,
ಮೊಣಕಾಲಿಗಿ ಹನ್ನೊಂದು ಹೊಲಿಗಿ,
ಈಗ ಅಂಚಿಗಿ ಕೂತು ನಮ್ಮ ಚಪ್ಪಲಿ ಕಾಯ್ತಾನ.

ಆದರೂ ಆ ಮಾತು ಹಿಡಿಸ್ತು.
ಶೈಲಿ.
ರಾತ್ರಿ ಕನ್ನಡಿ ಮುಂದ ನಿಂತು ಅಂದು ನೋಡಿದೆ.
ನಮ್ಮ ಅಂಜಿಕಿಗಿ ಇಂಥ ಚಂದ ಹೆಸರು ಅದ ಅಂತ
ಯಾರಿಗಿ ಗೊತ್ತಿತ್ತು?

ಜಿಲ್ಲಾ ಪಂದ್ಯಕ್ಕ ಕಲಬುರಗಿಗಿ ಹೋದ್ವಿ.
ಹುಲ್ಲು. ಖರೆ ಹುಲ್ಲು.
ಲಾಡ್ಲೆ ಬೂಟು ಬಿಚ್ಚಿ ಬರಿಗಾಲಲೆ ನಿಂತ,
ಸುಮ್ಮನ, ಎರಡು ನಿಮಿಷ.
ಎದುರಿಗಿ ಪಾಲಿಟೆಕ್ನಿಕ್ ಹುಡುಗರು, ಟಿವಿ ನೋಡಿ ಕಲಿತವರು.
ಒಬ್ಬನ ಓಟ ಸ್ಪೇನಿಂದು,
ಇನ್ನೊಬ್ಬಂದು ಕಟಿಂಗಷ್ಟೇ ಬ್ರೆಜಿಲ್‌ದು.
ಅವರ ಚೆಂಡು ನಮ್ಮ ತಲಿ ಮ್ಯಾಲೆ ಕೊಕ್ಕರೆಯಂಗ ಹಾರ್ತಿತ್ತು.
ಅದು ಏರಿದಾಗೆಲ್ಲ ನಾವು ಹನ್ನೊಂದೂ ಮಂದಿ
ಓಡೂದು ಬಿಟ್ಟು ಪಶ್ಚಿಮಕ್ಕ ನೋಡ್ತಿದ್ವಿ.
ಪಶ್ಚಿಮಕ್ಕ ಒಂದು ಚಹಾದ ಬಂಡಿ ಇತ್ತು.
ನಾಕು ಗೋಲಿಗಿ ಸೊನ್ನೆ.

"ಪರವಾಗಿಲ್ಲ, ನಮ್ಮ ದೇಶದ ಆಟ ಆಡಿ ಸೋತಿರಿ," ಅಂದ ಕೋಚ್.
ಅಂಬಾರಾಯ ಕೇಳಿದ,
"ಸರ್, ಗೆದ್ದವರೂ ಇದೇ ದೇಶದವರೇ ಅಲ್ರಿ?"
ಕೋಚ್ ವಹಿಯೊಳಗ ಏನೋ ಹುಡುಕಿದ.
ಆಗ ದೇವೀಂದ್ರ ಕುಂಟಿಕೋತ ನಡುಮೈದಾನಕ್ಕ ಹೋಗಿ
ಬೇಕಂತಲೇ ಬಿದ್ದ.
ಬಿದ್ದು ಜಾರಿದ, ಎದ್ದು ಮತ್ತ ಜಾರಿದ,
ಮೊಣಕಾಲು ತೋರಿಸಿದ: ಹಸರು, ಬರೇ ಹಸರು.
ಮಾಲಿ ಕೋಲು ಹಿಡಕೊಂಡು ಬರೂತನಕ
ನಾವೆಲ್ಲ ಬೀಳೂದು ಕಲಿತ್ವಿ.

ಅದಾಗಿ ಹತ್ತೊಂಬತ್ತು ವರ್ಷ.
ದೇಶಕ್ಕ ಒಂದು ಶೈಲಿ ಬೇಕೋ ಬ್ಯಾಡೋ
ನನಗಂತೂ ಇನ್ನೂ ತಿಳೀವಲ್ದು.
ಒಮ್ಮೊಮ್ಮೆ ಅನಸ್ತದ, ಒಂದು ದೇಶಕ್ಕ ಒಂದೇ ಖಣಿ ಇದ್ದರ
ಅದು ದೇಶ ಹ್ಯಾಂಗ ಆದೀತು?
ಒಮ್ಮೊಮ್ಮೆ ಅದೂ ಅನಸಂಗಿಲ್ಲ.

ಹ್ವಾದ ವಾರ ವಾಡಿ ಜಂಕ್ಷನ್‌ನಾಗ ಗಾಡಿ ತಡ.
ಪ್ಲಾಟ್‌ಫಾರ್ಮಿನ ತುಂಬ ನಮ್ಮೂರ ಫರಸಿ.
ಅದರ ಮ್ಯಾಲೆ ಆರೇಳು ವರ್ಷದ ಒಂದು ಹುಡುಗಿ,
ಎಲ್ಲಿಂದ ಎಲ್ಲಿಗಿ ಹೊಂಟಿದ್ದಳೋ,
ಖಾಲಿ ನೀರಿನ ಬಾಟಲಿ ಒದೀತಿದ್ದಳು.
ಹಳಿಗಿ ಬೀಳಬಾರದು ಅಂತ ಪಾದ ಅಡ್ಡ ಇಟ್ಟು,
ನೆಲಕ್ಕ ಹಚ್ಚಿ, ಸಣ್ಣಗ, ಸಣ್ಣಗ.
ಎದಿ ಝಲ್ ಅಂತು. ನಮ್ಮಾಕಿ, ಅಂದೆ.
ಅವಳವ್ವ ಗಂಟಿನ ಮ್ಯಾಲೆ ಕೂತಲ್ಲಿಂದ
ನನಗ ಬಾರದ ಭಾಷೆಯೊಳಗ ಬೈದಳು.
ಒಂದು ಶಬ್ದ ತಿಳೀಲಿಲ್ಲ, ಅರ್ಥ ಪೂರಾ ತಿಳೀತು:
ಮ್ಯಾಲೆ ಎತ್ತಬ್ಯಾಡ.

ಹುಡುಗಿ ಅವ್ವನ ಕಡಿ ಒಮ್ಮೆ ನೋಡಿ
ಎತ್ತೇ ಬಿಟ್ಟಳು.

ನಾ ಪಶ್ಚಿಮಕ್ಕ ನೋಡಿದೆ.