ಕಂಡದ್ದಷ್ಟೇ ಬರಿ

ಮೊದಲ ದಿನ ಕೈಗೆ ಕೊಟ್ಟದ್ದು
ಎರಡಳತೆ ದೊಡ್ಡದಾದ ನೇರಳೆ ಅಂಗಿ,
ಕೊರಳಿಗೊಂದು ಗುರುತಿನ ಚೀಟಿ,
ಮತ್ತೆ ನೆಲ ಒರೆಸುವ ಮಾಪು.
ಗ್ರಿಮ್ಸ್‌ಬಿ. ಮೀನುಕಟ್ಟೆಯ ಹಿಂದಿನ ಬೀದಿ.
ಏಳೂವರೆ ಆದರೂ ಕತ್ತಲೆ.
ಮೀನು ಹೊಗೆಹಾಕುವ ಮನೆಗಳ ವಾಸನೆ
ನನಗಿಂತ ಮೊದಲೇ ನರ್ಸರಿಯೊಳಗೆ ಬಂದು
ಕೋಟು ಕಳಚಿ ಕೂತಿರುತ್ತದೆ.

ಹೋದ ಚಳಿಗಾಲ ಇದೇ ಹೊತ್ತಿಗೆ ನಾನು
ಬೆಲ್ಟಿನ ಮುಂದೆ ನಿಂತು ಹ್ಯಾಡಕ್ ಮೀನಿನ ಮುಳ್ಳು ಕೀಳುತ್ತಿದ್ದೆ,
ನಿಮಿಷಕ್ಕಿಷ್ಟು ಎಂದು ಲೆಕ್ಕ.
ಈಗ ಮೂಗು ಒರೆಸುತ್ತೇನೆ, ಅದಕ್ಕೆ ಲೆಕ್ಕವಿಲ್ಲ.
ಲೆಕ್ಕದಲ್ಲಿ ನಾನೂ ಇಲ್ಲ:
ಒಬ್ಬ ದೊಡ್ಡವರಿಗೆ ಇಷ್ಟೇ ಮಕ್ಕಳು ಎಂದು
ಗೋಡೆಯ ಮೇಲೆ ನಿಯಮ ಬರೆದಿದೆ,
ಅಪ್ರೆಂಟಿಸು ಅದರಲ್ಲಿ ಆಟಕ್ಕುಂಟು, ಲೆಕ್ಕಕ್ಕಿಲ್ಲ.

ನನ್ನ ಹೆಸರು ಡೆಕ್ಲನ್. ನಾಲಿಗೆ ತಿರುಗದ ಮಕ್ಕಳಿಗೆ ಡೆಕ್ಕ.
ಅಪ್ಪ ಪಬ್ಬಿನಲ್ಲಿ ಯಾರಾದರೂ ಕೇಳಿದರೆ
"ಹುಡುಗ ಕಾಲೇಜಿಗೆ ಹೋಗ್ತಾನೆ" ಅನ್ನುತ್ತಾನೆ.
ಗುರುವಾರದ ಮಟ್ಟಿಗೆ ಅದು ಸುಳ್ಳೂ ಅಲ್ಲ.

ಬೆವರ್ಲಿ ಇಪ್ಪತ್ತೆಂಟು ವರ್ಷದಿಂದ ಇದೇ ಕೋಣೆಯಲ್ಲಿ.
ನೆಲಕ್ಕೆ ಕೂತರೆ ಮೊಣಕಾಲು ಲಟಕ್ಕೆನ್ನುತ್ತದೆ,
ಮಕ್ಕಳು ಚಪ್ಪಾಳೆ ತಟ್ಟುತ್ತವೆ.
ನನಗೆ ಕಲಿಸಲೆಂದು ಏನೂ ಹೇಳುವವಳಲ್ಲ.
ಡಯಾಪರ್ ಬದಲಿಸುವಾಗ ಕೂಸಿಗೆ ಹೇಳುತ್ತಾಳೆ,
"ಈಗ ಕಾಲು ಎತ್ತಬೇಕು. ಎತ್ತಲಾ?"
ಕೇಳಿ, ಕಾಯುತ್ತಾಳೆ.
ಹತ್ತು ತಿಂಗಳಿನದು ಏನುತ್ತರ ಕೊಟ್ಟೀತು?
ಕೊಟ್ಟಿತು. ತಾನೇ ಕಾಲೆತ್ತಿತು.
ಆವತ್ತು ಮನೆಗೆ ಹೋಗುವ ಬಸ್ಸಿನಲ್ಲಿ
ಎರಡು ಸ್ಟಾಪು ಮುಂದೆ ಹೋಗಿಬಿಟ್ಟೆ.

ವೀಕ್ಷಣೆಯ ಪುಸ್ತಕದಲ್ಲಿ ನನ್ನ ಮೊದಲ ಸಾಲು:
"ಯೋನಾಸ್ ಇವತ್ತು ಬೇಜಾರಿನಲ್ಲಿದ್ದ."
ಬೆವರ್ಲಿ ಪೆನ್ಸಿಲಿನಿಂದ ಗೀಟೆಳೆದಳು.
ಬೇಜಾರು ಎಲ್ಲಿತ್ತು? ಬೆರಳಿಟ್ಟು ತೋರಿಸು.
ಕಂಡದ್ದಷ್ಟೇ ಬರಿ.

ಸರಿ, ಬರೆದೆ.
ಒಂಬತ್ತು ಹತ್ತು. ಬಾಗಿಲ ಬಳಿ ನಿಂತ.
ಎಡಗೈಯಲ್ಲಿ ಹಳದಿ ಬೂಟು, ಒಂದೇ.
ಅಳಲಿಲ್ಲ. ರೈಲು ಕೊಟ್ಟೆ, ಬೇಡವೆಂದ.
ಒಂಬತ್ತು ಹದಿನಾಲ್ಕು. ಯಾರದೋ ತಾಯಿ ಬಂದರು.
ಬಾಗಿಲು ತೆರೆಯಿತು. ಯೋನಾಸ್ ಮೂಗು ಮೇಲೆತ್ತಿದ.
ಬಾಗಿಲು ಮುಚ್ಚಿತು. ಮೂಗು ಇಳಿಸಿದ.
ಒಂಬತ್ತು ಇಪ್ಪತ್ತು. ಅಂಚೆಯವ.
ಮತ್ತೆ ಮೂಗು.

ಮೂರು ದಿನ ಹೀಗೇ ಬರೆದೆ, ನನಗೇ ಬೇಸರ ಬರುವಷ್ಟು.
ನಾಲ್ಕನೆಯ ದಿನ ಪೆನ್ನು ತನ್ನಷ್ಟಕ್ಕೆ ನಿಂತಿತು.
ಅವನಮ್ಮ ರಾಸಾ, ಲಿಥುವೇನಿಯಾದವಳು,
ಅದೇ ಕಾರ್ಖಾನೆ, ಅದೇ ಬೆಲ್ಟು,
ಪ್ರಾಯಶಃ ನಾನು ಬಿಟ್ಟುಬಂದ ಜಾಗದಲ್ಲೇ ನಿಂತಿರುತ್ತಾಳೆ.
ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಆ ವಾಸನೆ, ನನಗೆ ಗೊತ್ತು;
ನಿಂಬೆಹಣ್ಣು, ಟೂತ್‌ಪೇಸ್ಟು, ಎಲ್ಲ ಹಚ್ಚಿ ನೋಡಿದವನು ನಾನು.
ಬಾಗಿಲು ತೆರೆದಾಗಲೆಲ್ಲ
ಕಟ್ಟೆಯ ಕಡೆಯ ಗಾಳಿ ಒಳಗೆ ಬರುತ್ತಿತ್ತು.

ಅದನ್ನು ಬರೆಯಲಿಲ್ಲ. ಕಂಡದ್ದಲ್ಲವಲ್ಲ.
ಮರುದಿನ ರೈಲು, ಹಳಿ, ಸೇತುವೆ ಎಲ್ಲ ಹೊತ್ತು
ಬಾಗಿಲ ಪಕ್ಕದ ಚಾಪೆಗೆ ಹಾಕಿದೆ.
ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟೆ.
"ಚಳಿಯಲ್ಲವೇನೋ?" ಎಂದಳು ಬೆವರ್ಲಿ.
ಯೋನಾಸ್ ಬೂಟು ಕೆಳಗಿಟ್ಟು
ಎಂಜಿನ್ನಿಗೆ ಡಬ್ಬಿ ಜೋಡಿಸುತ್ತಿದ್ದ.
ಅವಳು ನೋಡಿದಳು, ಹೋಗಿ ತನ್ನ ಸ್ವೆಟರು ತೊಟ್ಟು ಬಂದಳು.

ರಾತ್ರಿ ಅಡುಗೆಮನೆಯಲ್ಲಿ ಅಪ್ಪ.
ಈ ಚಾಳಿ ಈಗ ಎಲ್ಲಿಹೋದರೂ ಬಿಡುವುದಿಲ್ಲ.
ಏಳು ಐದು. ಕುರ್ಚಿ ತಿರುಗಿಸಿ ಕೂತ.
"ಇವತ್ತು ಎಷ್ಟು ಮಕ್ಕಳು?" ಕೇಳಿದ. ಹನ್ನೊಂದು ಎಂದೆ.
ಟೀ ಕುಡಿದ. ಇನ್ನೇನೂ ಕೇಳಲಿಲ್ಲ.
ನಾಚಿಕೆ ಎಲ್ಲಿತ್ತು? ಹುಡುಕಿದೆ,
ಬೆರಳಿಡಲು ಜಾಗ ಸಿಗಲಿಲ್ಲ.
ರೇಡಿಯೇಟರಿನ ಮೇಲೆ ನನ್ನ ನೇರಳೆ ಅಂಗಿ.
ನಾನು ಒಗೆದದ್ದಲ್ಲ.
ಮುಟ್ಟಿ ನೋಡಿದೆ,
ಕಂಕುಳಲ್ಲಿ ಇನ್ನೂ ಸ್ವಲ್ಪ ತೇವವಿತ್ತು.