ಮೂವತ್ತೊಂದನೇ ಪುಟ

ಹಸಿರು ರಟ್ಟಿನದು. ಬೆನ್ನ ಮೇಲಿನ ಹೆಸರು
ಕೈಬೆವರಿಗೆ ಅಳಿಸಿಹೋಗಿದೆ.
ಎರಡನೇ ಸಾಲು, ಎಡಗಡೆ,
ಕುರಿರೋಗಗಳ ಕೈಪಿಡಿಗೆ ಒರಗಿ ನಿಂತಿದೆ ನೋಡಿ.
ತಿರುವಿನಲ್ಲಿ ವ್ಯಾನು ವಾಲಿದಾಗಲೆಲ್ಲ
ಮೊದಲು ಕೆಳಗೆ ಧುಮುಕುವುದು ಅದೇ.

ಹದಿಮೂರು ದಾಟಿದವರಿಗೆ ಅಂತ ಚೀಟಿ ಅಂಟಿಸಿದ್ದಾರೆ.
ಚೀಟಿಗಳನ್ನು ನಾನು ಅಷ್ಟಾಗಿ ನಂಬುವವನಲ್ಲ.

ಇಪ್ಪತ್ತೆರಡು ವರ್ಷದಿಂದ ಈ ವ್ಯಾನು ನನ್ನದು,
ಯೆಲ್ ದ್ವೀಪದಿಂದ ಅನ್ಸ್ಟ್‌ಗೆ, ಅನ್ಸ್ಟ್‌ನಿಂದ ಯೆಲ್‌ಗೆ,
ಹಡಗು ಹತ್ತಿಸಿ, ಹಡಗು ಇಳಿಸಿ,
ಮರವೇ ಬೆಳೆಯದ ನೆಲಕ್ಕೆ
ಇಷ್ಟೊಂದು ಕಾಗದ ಹೊತ್ತು.
ಎಷ್ಟೋ ಪುಸ್ತಕಗಳನ್ನು ಓದದೆಯೇ
‘ಚೆನ್ನಾಗಿದೆ’ ಎಂದು ದಾಟಿಸಿದ್ದೇನೆ, ಮುಚ್ಚುಮರೆ ಯಾಕೆ.
ಇದನ್ನು ನಾಲ್ಕು ಸಲ ಓದಿ ಹೇಳುತ್ತಿದ್ದೇನೆ.

ಕಥೆ ಕೇಳಬೇಡಿ. ಇಷ್ಟು ಹೇಳಬಹುದು:
ಒಂದು ಬೆಳಿಗ್ಗೆ, ಕಡಲಕಟ್ಟೆಯ ಮೇಲೆ ಮೇಷ್ಟ್ರ ಸೈಕಲ್ಲು.
ಹಿಡಿಕೆಗೆ ಕೆಂಪು ಉಣ್ಣೆಯ ಎಳೆ, ಎರಡು ಗಂಟು.
ಮೇಷ್ಟ್ರಿಲ್ಲ.
ಊರಿಗೆ ಊರೇ ನೀರಿನ ಕಡೆ ನೋಡುತ್ತದೆ.
ಹದಿನೈದರ ಒಬ್ಬಳು ಮಾತ್ರ
ಗಂಟಿನ ಕಡೆ ನೋಡುತ್ತಾಳೆ.
ಆಮೇಲಿನದು ನಿಮ್ಮ ಪಾಲಿನದು.
ನಲವತ್ತನೇ ಪುಟದ ತನಕ ನಿಧಾನ, ಒಪ್ಪಿದೆ;
ಅಲ್ಲಿಂದಾಚೆಗೆ ಒಲೆಯ ಮೇಲೆ ಹಾಲಿಡಬೇಡಿ.

ಇನ್ನೊಂದು ಮಾತು, ಮೂವತ್ತೊಂದನೇ ಪುಟದ್ದು.
ಆಚೆ ವರ್ಷದ ಚಳಿಗಾಲದಲ್ಲಿ
ಯಾವ ಪುಣ್ಯಾತ್ಮರೋ ಅಂಚಿನಲ್ಲಿ, ಪೆನ್ನಿನಲ್ಲಿ,
ಮಾಡಿದವರ ಹೆಸರು ಬರೆದುಬಿಟ್ಟಿದ್ದರು,
‘ಇವರೇ’ ಎಂಬ ಬಾಣದ ಸಮೇತ.

ಓಸ್ಲಾ ಎಂಬ ಹುಡುಗಿ, ಹಡಗಿನ ಹಗ್ಗ ಕಟ್ಟುವವನ ಮಗಳು,
ಕೆನ್ನೆ ಕೆಂಪಗೆ ಮಾಡಿಕೊಂಡು ವ್ಯಾನು ಹತ್ತಿದಳು.
ತುತ್ತು ಬಾಯಿಗಿಡುವ ಮೊದಲೇ
ತಟ್ಟೆ ಕಸಿದ ಹಾಗಾಗಿತ್ತು ಅವಳಿಗೆ.
ರಬ್ಬರಿಗೆ ಹೋಗದ ಶಾಯಿ; ಬ್ಲೇಡು ಹಾಕಿದರೆ ಹಾಳೆಯೇ ಹೋಗುತ್ತದೆ.
ಒಂದು ಗಳಿಗೆ ಕಿಟಕಿಯಾಚೆ ನೋಡಿದಳು,
ನನ್ನ ಜೇಬಿನ ಪೆನ್ನು ಕಿತ್ತುಕೊಂಡಳು,
ಪಕ್ಕದಲ್ಲೇ ಬರೆದಳು ಇನ್ನೊಂದು ಹೆಸರು.
ಅದೇ ಬಾಣ. ಅದೇ ವಾಲಿದ ಅಕ್ಷರ.
ಹಸಿ ಹಸಿ ಸುಳ್ಳು.

ಗ್ರಂಥಾಲಯದವನು ನಾನು, ಗದರಬೇಕಿತ್ತು.
ಮುದ್ರೆಯೊತ್ತಿ ಮುಂದಿನವರ ಕೈಗಿಟ್ಟೆ.

ಮುಂದಿನವನು ಎರ್ಟಿ. ಓದಿ ಮುಗಿಸಿ ಮೂರನೆಯದು ಸೇರಿಸಿದ.
ಅವನ ಚಿಕ್ಕಮ್ಮ ನಾಲ್ಕನೆಯದು: ಪಾದ್ರಿಯ ಬೆಕ್ಕಿನ ಹೆಸರು.
ಬೆಕ್ಕೂ ಸೇರಿ ಈಗ ಹನ್ನೊಂದಿವೆ.
ನಿಜವೂ ಅಲ್ಲೇ ಇದೆ, ಗುಂಪಿನಲ್ಲಿ,
ಸಂತೆಯಲ್ಲಿ ತಲೆಮರೆಸಿಕೊಂಡ ಕಳ್ಳನ ಹಾಗೆ;
ಕೊನೆ ಪುಟದ ತನಕ ಯಾರಿಗೂ ಸಿಗದೆ.

ಒಂಬತ್ತನೆಯದನ್ನು ಬರೆದವರು ಲೌರಿ ಸ್ಪೆನ್ಸ್.
ವಯಸ್ಸು ಎಪ್ಪತ್ತೊಂಬತ್ತು.
ಎಳೆಯರ ಪುಸ್ತಕ ಒಯ್ಯಲು ನಾಚಿ
ಕುರಿರೋಗಗಳ ಕೈಪಿಡಿಯಡಿ ಬಚ್ಚಿಟ್ಟು ಒಯ್ದರು.
ಜೂನ್ ತಿಂಗಳು. ನಮ್ಮಲ್ಲಾಗ ಕತ್ತಲು ಪೂರ್ತಿ ಇಳಿಯುವುದಿಲ್ಲ.
ದೀಪ ಹಚ್ಚದೆ, ಹಿತ್ತಲ ಗೋಡೆಗೆ ಬೆನ್ನು ಕೊಟ್ಟು
ಒಂದೇ ರಾತ್ರಿಗೆ ಮುಗಿಸಿದರಂತೆ.
ಮರಳಿಸುವಾಗ ಅಂದದ್ದು ಇಷ್ಟೇ:
‘ಕೇಳುತ್ತಾಳೆ ಕಣಯ್ಯಾ ಆ ಹುಡುಗಿ. ಕೇಳುತ್ತಲೇ ಇರುತ್ತಾಳೆ.
ನಮ್ಮ ಕಾಲದಲ್ಲಿ ಅಂಥವಳೊಬ್ಬಳು ಇದ್ದಿದ್ದರೆ.’
ಟೋಪಿ ಕಿವಿಯ ತನಕ ಎಳೆದುಕೊಂಡು ಇಳಿದುಹೋದರು.

ಒಂಬತ್ತನೆಯ ಹೆಸರು
ಆ ಪುಸ್ತಕದೊಳಗಿನ ಯಾರದೂ ಅಲ್ಲ.
ಇಗರ್ಜಿ ಹಿತ್ತಲಿನ ಕಲ್ಲುಗಳ ಮೇಲೂ ನಾನದನ್ನು ಕಂಡಿಲ್ಲ.
ಬಾಣ ಹಾಕಿಲ್ಲ ಅವರು.
ಯಾರೆಂದು ನಾನು ಕೇಳಲಿಲ್ಲ.
ನಾಲ್ಕು ಸಲ ಓದಿಯೂ
ಕೇಳುವುದನ್ನು ಕಲಿತಿಲ್ಲ.

ತಗೊಳ್ಳಿ. ಹಡಗಿಗೆ ಹೊತ್ತಾಯಿತು.
ಮೂರು ವಾರಕ್ಕೆ ಮುದ್ರೆ ಒತ್ತಿದ್ದೇನೆ,
ತಡವಾದರೆ ದಂಡವಿಲ್ಲ.
ಅಂಚಿನ ಕೆಳತುದಿಯಲ್ಲಿ
ಇನ್ನೂ ಒಂದು ಬೆರಳಗಲ ಜಾಗವಿದೆ.