ಸಿಂಗಲ್ ಬೆಲ್

ಮೂವತ್ತೊಂದು ವರ್ಷ ಈ ಬೆರಳ ಸಂದಿಯಲ್ಲಿ
ಉದ್ದಕ್ಕೆ ಮಡಚಿದ ನೋಟುಗಳಿದ್ದವು.
ಈಗ ಹತ್ತಿಯುಂಡೆ, ಉಗುರುಕತ್ತರಿ,
ಪಾಲಿಯೇಟಿವ್ ಸಂಘದ ಜೀಪಿನ ಹಿಂದಿನ ಸೀಟು,
ಮಂಗಳವಾರ.

ನರ್ಸ್ ಶೈಲಜಾ ಗಾಯ ನೋಡುತ್ತಾಳೆ, ಕೊಳವೆ ಬದಲಿಸುತ್ತಾಳೆ.
ನನ್ನ ಪಾಲಿಗೆ ಉಗುರು, ಗಡ್ಡ, ಬೆನ್ನು,
ಮತ್ತೆ ಸುಮ್ಮನೆ ಕೇಳಿಸಿಕೊಳ್ಳುವುದು.
ತರಬೇತಿಯಲ್ಲಿ ಹೇಳಿದ್ದರು:
ದೇವರ ಮಾತನ್ನು ನೀವಾಗಿ ಎತ್ತಬೇಡಿ.
ಆಗಲಿ ಎಂದೆ. ಜಪಸರ ಕಿಸೆಯಲ್ಲೇ ಉಳಿಯಿತು,
ಚಿಲ್ಲರೆಯ ಜತೆ.

ದಾರಿಯಲ್ಲಿ ಒಳಗೊಳಗೇ ತೇರ್ಸ್ ಹೇಳುತ್ತೇನೆ.
ಮಂಗಳವಾರಕ್ಕೆ ದುಃಖದ ರಹಸ್ಯಗಳು.
ಹಳೇ ಚಾಳಿ ಬಿಡಬೇಕಲ್ಲ:
ನಮಾನ್ ಮರಿಯೆ, ಮೊಗ್ರಾಲ್.
ನಮಾನ್ ಮರಿಯೆ, ಕುಂಬಳೆ.
ಆರಿಕ್ಕಾಡಿ. ಶಿರಿಯ.
ಮಣಿಗೊಂದು ಸ್ಟಾಪು, ಯಾರೋ ಹತ್ತುತ್ತಾರೆ, ಯಾರೋ ಇಳಿಯುತ್ತಾರೆ,
ಬಂದ್ಯೋಡಿನಲ್ಲಿ ಎಣಿಕೆ ತಪ್ಪುತ್ತದೆ.
ಯಾವಾಗಲೂ ಬಂದ್ಯೋಡಿನಲ್ಲೇ.

ಎಂಬತ್ತೊಂಬತ್ತರ ಜುಲೈ, ರಾತ್ರಿಯ ಕೊನೇ ಟ್ರಿಪ್ಪು.
ಹುಡುಗ ಹೋಗಬೇಕಾದ್ದು ಮಂಜೇಶ್ವರಕ್ಕೆ,
ಮುಕ್ಕಾಲು ರೂಪಾಯಿ ಕಡಿಮೆ.
ಚೆಕ್ಕಿಂಗಿನವರ ಭಯವಿತ್ತು, ಎಂದು ಆಮೇಲೆ ಹೇಳಿಕೊಂಡೆ.
ಇರಲಿಲ್ಲ. ಹಸಿವಾಗಿತ್ತು, ಸಿಟ್ಟು ಬಂದಿತ್ತು.
ಹಗ್ಗ ಎಳೆದೆ. ಸಿಂಗಲ್ ಬೆಲ್.
ಇಳಿದ. ಮಳೆ. ಮತ್ತೆ ಎರಡು ಸಲ ಎಳೆದೆ.
ಹಿಂದಿನ ಗಾಜಿನಲ್ಲಿ ಒಂದು ಬಿಳಿ ಲುಂಗಿ
ಸಣ್ಣದಾಯಿತು.

ಕುಮ್ಸಾರಿನಲ್ಲಿ ಹೇಳಿದ್ದೇನೆ, ಎರಡು ಸಲ.
ಹಿಂದಿನ ಪಾದ್ರಿಗಳು ಮೂರು ನಮಾನ್ ಮರಿಯೆ ಕೊಟ್ಟರು.
ಈಗಿನವರು ನನ್ನ ಕಿರಿ ಮಗನಿಗಿಂತ ಚಿಕ್ಕವರು,
"ಅದು ಡ್ಯೂಟಿಯಲ್ಲವೇ, ಕಸ್ಮಿರ್ ಮಾಮ್?" ಅಂದರು.
ದೇವರು ಕ್ಷಮಿಸಿದ್ದಾನೆ, ಅದರಲ್ಲಿ ಅನುಮಾನವಿಲ್ಲ.
ಆ ರಾತ್ರಿ ಅವನು ಬಸ್ಸಿನೊಳಗಿದ್ದನೇ
ಇಳಿದು ಹೋದನೇ ಎನ್ನುವುದಷ್ಟೆ.

ಬಂದ್ಯೋಡಿನ ಒಳರಸ್ತೆಯಲ್ಲಿ ಅಂದುಞ್ಞಿಯ ಮನೆ.
ಎರಡು ವರ್ಷದಿಂದ ಸೊಂಟದ ಕೆಳಗೆ ಸುದ್ದಿಯಿಲ್ಲ.
ಪ್ರಾಯ ಲೆಕ್ಕ ಹಾಕಿದೆ, ಹೊಂದುತ್ತದೆ.
ಹುಟ್ಟಿದ್ದು ಮಂಜೇಶ್ವರದಲ್ಲಿ, ಎಂದ ಒಮ್ಮೆ.
ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಲು
ನಾಲ್ಕು ಮಂಗಳವಾರ ಬಾಯಿ ಬರಲಿಲ್ಲ.
ಮುಖ ಗುರುತು ಹಿಡಿಯೋಣವೆಂದರೆ
ನಾನು ಆಗ ಮುಖ ನೋಡಿರಲಿಲ್ಲ, ಕೈ ನೋಡಿದ್ದೆ.
ಹಾಗಾಗಿ ಉಗುರು ತೆಗೆಯುವಾಗ
ಅಂಗೈ ಮಗುಚಿ ನೋಡುತ್ತೇನೆ.

"ಶಾಸ್ತ್ರ ಹೇಳುತ್ತೀರಾ?" ನಗುತ್ತಾನೆ. "ಆಯುಸ್ಸು ಎಷ್ಟುಂಟು?"

ಇವತ್ತು ಹೇಳಿಬಿಟ್ಟೆ. ವರ್ಷ, ಮಳೆ, ಮುಕ್ಕಾಲು ರೂಪಾಯಿ.
ಕತ್ತರಿ ಗಾಳಿಯಲ್ಲೇ ನಿಂತಿತ್ತು.
ಮಾಡು ನೋಡಿದ. ಫ್ಯಾನು ನೋಡಿದ.
"ನನ್ನನ್ನು ಇಳಿಸಿದ ಬಸ್ಸುಗಳು ಎಷ್ಟೋ," ಅಂದ,
"ಯಾವುದೆಂದು ನೆನಪಿಡಲಿ?
ಎಡಗೈ ಬಾಕಿ ಉಂಟು ನೋಡಿ."

ಎಡಗೈ ತೆಗೆದುಕೊಂಡೆ. ಅದು ಬೆಚ್ಚಗಿತ್ತು,
ಬೀಡಿಯ ವಾಸನೆಯಿತ್ತು.
ಹೊರಗೆ ಡ್ರೈವರು ಹಾರ್ನ್ ಹೊಡೆದ, ಇನ್ನೂ ಆರು ಮನೆಗಳಿವೆ.
ಹೊಡೆಯಲಿ.